ಅವ್ವನ ಹೆಸರಿನ ಪಟ್ಟಿ

ಆ ತೊಟ್ಟಿಲ ಪಟ್ಟಿಯನ್ನು ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನನಗೆ ಮಾತ್ರ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಪಟ್ಟಿಯ ಮೇಲಲ್ಲ, ನನ್ನ ಮೇಲೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅವ್ವ ನಲವತ್ತು ವರ್ಷ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯ್ದವಳು. ಮಂಡಿನೋವು ಬಂದ ಮೇಲೆ ಗುಂಡಿಗೆ ಇಳಿಯಲಾಗಲಿಲ್ಲ. ಕೆಲಸವಿಲ್ಲದ ಕೈ ಇಟ್ಟುಕೊಂಡು ಎಲ್ಲರ ಮೇಲೂ ಸಿಡುಕುತ್ತಿದ್ದಳು. ಅಷ್ಟರಲ್ಲಿ ನಾನು ಒಂದು ತರಬೇತಿಗೆ ಹೋಗಿ, ಮಗ್ಗವಿಲ್ಲದೆ ಕಿರಿದಾದ ಪಟ್ಟಿ ನೇಯುವ ರಟ್ಟಿನ ನೇಯ್ಗೆ ಕಲಿತು ಬಂದೆ. ಸೀರೆಗೆ ಹೂವು ಮೂಡಿಸುವ ಜಕಾರ್ಡ್ ಯಂತ್ರದ ಹಳೆಯ ರಟ್ಟುಗಳನ್ನು ಚೌಕವಾಗಿ ಕತ್ತರಿಸಿ, ಮೂಲೆಗೊಂದು ತೂತು ಹೊಡೆದು, ತೂತಿಗೊಂದು ಎಳೆ ಪೋಣಿಸಬೇಕು. ಎಳೆಗಳ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ನಮ್ಮ ಸೊಂಟಕ್ಕೆ. ರಟ್ಟಿನ ಕಟ್ಟನ್ನು ಹೊರಳಿಸಿದ ಹಾಗೆಲ್ಲ ಎಳೆಗಳು ಮೇಲೆ ಕೆಳಗಾಗಿ ಪಟ್ಟಿಯಲ್ಲಿ ಹೂವು ಮೂಡುತ್ತದೆ. ಅವ್ವ ಮೊದಲ ದಿನ ಮೂಗು ಮುರಿದಳು. ಎರಡನೇ ದಿನ ನನ್ನ ಕೈಯಿಂದ ಕಿತ್ತುಕೊಂಡಳು.

ಒಂದು ದಿನ ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯ ಹೆಂಗಸೊಬ್ಬರು ಬಂದರು. ಅವರ ಮದುವೆ ಸೀರೆ ಅವ್ವ ನೇಯ್ದದ್ದು. ಮೊಮ್ಮಗಳ ನಾಮಕರಣಕ್ಕೆ ತೊಟ್ಟಿಲಿಗೆ ಕಟ್ಟಲು ಒಂದು ಪಟ್ಟಿ ಬೇಕು, ಅದೂ ಅವ್ವನ ಕೈಯಿಂದಲೇ ಆಗಬೇಕು ಎಂದರು. ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು.

ಹದಿನೈದು ದಿನ ಕೂತು ನೇಯ್ದಳು. ಆದರೆ ಕೈ ನಡುಗುತ್ತಿತ್ತು. ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮುಂದಕ್ಕೆ ಹೊರಳಿಸಬೇಕಾದ ರಟ್ಟನ್ನು ಹಿಂದಕ್ಕೆ ಹೊರಳಿಸಿ ಎರಡು ಹೂವು ಕೆಟ್ಟಿದ್ದವು. ಇದನ್ನು ಕೊಟ್ಟರೆ ಅವ್ವನ ಹೆಸರು ಹಾಳಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಲಿಸಿದವಳು ನಾನು, ಮರ್ಯಾದೆಯ ಚಿಂತೆ ನನ್ನದು. ಅವ್ವ ದೇವಸಮುದ್ರಕ್ಕೆ ತನ್ನ ತಂಗಿಯ ಮನೆಗೆ ಹೋದ ನಾಲ್ಕೇ ದಿನದಲ್ಲಿ ಅದೇ ಬಣ್ಣದ ಇನ್ನೊಂದು ಪಟ್ಟಿ ನೇಯ್ದು, ಅವಳದನ್ನು ಟ್ರಂಕಿನ ತಳಕ್ಕೆ ತುರುಕಿದೆ. ಕಳ್ಳಿಯ ಕೆಲಸ.

ಅವ್ವ ಊರಿಂದ ಮರಳಿದ ಮೇಲೆ ಆ ಹೆಂಗಸು ಬಂದ ದಿನ ನನ್ನ ಪಟ್ಟಿಯನ್ನೇ ತಂದಿಟ್ಟೆ. ಈ ವಯಸ್ಸಿನಲ್ಲೂ ಎಂಥಾ ಕೈ ಎಂದು ಅವರು ಹೊಗಳಿ, ಪಟ್ಟಿಯನ್ನು ಅವ್ವನ ಮಡಿಲಿಗೆ ಹಾಕಿದರು. ನೇಕಾರರ ಮನೆಯಲ್ಲಿ ಬಟ್ಟೆ ಕೈಗೆ ಬಂದರೆ ಮೊದಲು ಮಗುಚಿ ಹಿಂಬದಿಯನ್ನು ನೋಡುತ್ತೇವೆ. ಅವ್ವ ಮಗುಚಿದಳು. ಹೆಬ್ಬೆರಳು ಅಂಚಿನ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು. ಅಂಚು ಎಲ್ಲೂ ಸಡಿಲವಿರಲಿಲ್ಲ. ನಾನು ನಾಚಿಕೆಗೆಟ್ಟವಳು, ಅವ್ವ ಎಷ್ಟು ಕಷ್ಟಪಟ್ಟು ನೇಯ್ದಳೆಂದು ಇನ್ನೂ ವರ್ಣಿಸುತ್ತಲೇ ಇದ್ದೆ.

“ಪೂರ್ತಿ ನೀವೇ ನೇಯ್ದಿದ್ದಾ?” ಎಂದು ಆ ಹೆಂಗಸು ಕೇಳಿದರು.

ಅವ್ವ ನನ್ನ ಮುಖವನ್ನು ಒಮ್ಮೆ ನೋಡಿದಳು.

“ಹೂನ್ರಿ, ನಂದೇ.”

ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೂ ಸಾಹುಕಾರರಿಗೆ ತಾನೇ ತೋರಿಸಿ ಕೊಡುತ್ತಿದ್ದವಳು. ನನ್ನ ಮಾನ ಉಳಿಸಲು ಸುಳ್ಳು ಹೇಳಿದಳು. ಅವರು ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಅವ್ವನ ಕಾಲಿಗೆ ನಮಸ್ಕಾರ ಮಾಡಿದರು.

ಮಾರನೆಯ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಹೊಸ ಎಳೆ ಪೋಣಿಸಿ ರಟ್ಟಿನ ಕಟ್ಟನ್ನು ಅವಳ ಮುಂದಿಟ್ಟೆ. ಅವ್ವ ಸಿಡುಕಲಿಲ್ಲ. ಕಟ್ಟನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದಳು.

“ನನ್ನ ಪಾಲಿಂದೂ ನೀನೇ ನೇಯ್ತೀಯಲ್ಲ, ನನಗ್ಯಾಕೆ ಇವು?”

ಅಂದಿನಿಂದ ಅವ್ವ ಎಳೆ ಮುಟ್ಟಿಲ್ಲ.