ಕೊನೆಗುಳಿದ ಗಂಟು

ಪ್ರಯಾಣಕ್ಕೆ ಹೊರಡುವವರು ಗಂಟುಮೂಟೆಯನ್ನು ಎಷ್ಟೇ ಚೊಕ್ಕಟವಾಗಿ ಕಟ್ಟಲಿ, ಕೊನೆಗೆ ಒಂದು ಪುಟ್ಟ ಗಂಟು ಎಲ್ಲಿಯೂ ಸೇರದೆ ಹೊರಗೇ ಉಳಿಯುತ್ತದೆ. ನಿಮಗೂ ಹಾಗೆ ಆಗಿರಬೇಕು. ನನ್ನ ಗಂಟಿನ ಕಥೆ ಮಾತ್ರ ಸ್ವಲ್ಪ ಬೇರೆ.

ನಮ್ಮ ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಕನ್ಯಾಕುಮಾರಿಯವರೆಗೆ ಸೈಕಲ್ ಯಾತ್ರೆ ಮಾಡುವ ಹುಚ್ಚು ನನಗೆ. ಜೊತೆಗೆ ಬಿಡದ ಬೆನ್ನುನೋವು. ಎರಡಕ್ಕೂ ಸಂಧಾನವೆಂಬಂತೆ, ಪತ್ರಿಕೆಯ ಚಿತ್ರವೊಂದನ್ನು ತೋರಿಸಿ ಯಳಂದೂರಿನ ಕಮ್ಮಾರರಿಂದ, ಹಿಂದಕ್ಕೆ ಒರಗಿ ಕುಳಿತು ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ಲೊಂದನ್ನು ಮಾಡಿಸಿದೆ. ಅದರ ಪರೀಕ್ಷೆಗೆ ಹೊರಟ ಬೆಳಿಗ್ಗೆ ಹಾಸಿಗೆ, ಪಾತ್ರೆ, ಅಕ್ಕಿಯನ್ನೆಲ್ಲ ಬೆನ್ನ ಹಿಂದೆ ಹೇರಿ ಬಿಳಿಯ ಪಂಚೆ ಹೊದಿಸಿದೆ. ಹೆಂಡತಿ ಹೊಸ ವಾಹನಕ್ಕೆ ಪೂಜೆ ಮಾಡಿ, ನನಗೂ ಅದಕ್ಕೂ ಭೇದವೆಣಿಸದೆ ಇಬ್ಬರಿಗೂ ವಿಭೂತಿ ಬಳಿದಳು. ಹಾರ ಚಕ್ರಕ್ಕೆ ಸಿಕ್ಕೀತೆಂದು ನನ್ನ ಕೊರಳಿಗೇ ಹಾಕಿದಳು.

ಹನೂರು ದಾಟಿ ಬಂಡಳ್ಳಿಯ ದಾರಿ ಹಿಡಿದ ಮೇಲೆ ವಿಚಿತ್ರ ಶುರುವಾಯಿತು. ಎದುರು ಬಂದವರು ರಸ್ತೆಯಿಂದಿಳಿದು ರುಮಾಲು ತೆಗೆದು ನಿಂತರು. ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ಕೈಮುಗಿದರು. ಒಬ್ಬನಂತೂ ಎತ್ತುಗಳನ್ನು ಅಲ್ಲೇ ಬಿಟ್ಟು ಓಡಿದ. ನಾನೋ, ಇದೆಲ್ಲ ಯಂತ್ರವಿದ್ಯೆಗೆ ಸಂದ ಗೌರವವೆಂದು ಒಳಗೊಳಗೇ ಉಬ್ಬಿದೆ.

ನಡುಹಗಲಲ್ಲಿ ಬಂಡಳ್ಳಿಯ ಊರಾಚೆಯ ಆಲದ ಕಟ್ಟೆಗೆ ಸೈಕಲ್ ಆನಿಸಿ, ಅದರಲ್ಲಿ ಒರಗಿದಂತೆಯೇ ಕಣ್ಣು ಮುಚ್ಚಿದೆ. ಎಲೆಯೂ ಅಲುಗುತ್ತಿರಲಿಲ್ಲ. ಕೋಲಿನ ಸದ್ದು ಹತ್ತಿರ ಬಂದು ನಿಂತಿತು. ಒಣಗಿದ ಕೈಯೊಂದು ನನ್ನ ಕೈ ಮುಟ್ಟಿತು.

"ಇನ್ನೂ ಬೆಚ್ಚಗವ್ನೆ," ಎಂದಳು ಮುದುಕಿ. "ಒತ್ಕಂಬಂದೋರು ನೀರು ಕುಡಿಯಾಕೆ ಓದ್ರೇನೋ."

ಆಗ ಹೊಳೆಯಿತು. ನಮ್ಮ ಶಿವಭಕ್ತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಬಳಿದು, ಹಾರ ಹಾಕಿ, ಕೂರಿಸಿ ಒಯ್ಯುತ್ತಾರೆ. ಹುಟ್ಟಿನಿಂದ ಕಂಡ ಪದ್ಧತಿ ನನ್ನ ಜಂಬಕ್ಕೆ ನೆನಪಾಗಿರಲಿಲ್ಲ. ಕಣ್ಣು ಬಿಟ್ಟರೆ ಮುದುಕಿ ಅಲ್ಲೇ ಪ್ರಾಣ ಬಿಟ್ಟಾಳು. ಸದ್ಯಕ್ಕೆ ಹೆಣವಾಗಿರುವುದೇ ಕ್ಷೇಮವೆನಿಸಿತು.

"ಅಲ್ಲಿ ನನ್ ಮಗ ಸಿಕ್ಕುದ್ರೆ ಏಳಪ್ಪ," ಎಂದಳು. "ಅವ್ನ ಮಗಳ್ನ ಒಂದು ಮನೆ ಸೇರ್ಸಿ ಬತ್ತೀನಿ. ತಡ ಆಯ್ತದೆ, ಕ್ವಾಪ ಮಾಡ್ಕಬ್ಯಾಡ ಅನ್ನು."

ಅವನಿಗೆ ಇಷ್ಟವೆಂದು ಹುರಿಗಡಲೆಯ ಪುಟ್ಟ ಗಂಟೊಂದನ್ನು ನನ್ನ ತೊಡೆಯ ಮೇಲಿಟ್ಟು ಹೋದಳು.

ಆ ಗಂಟನ್ನು ತಿನ್ನಲೂ ಆಗದು, ಎಸೆಯಲೂ ಆಗದು. ಎಂಟು ದಿನ ನಿದ್ದೆಗೆಟ್ಟು, ನಿಜ ಹೇಳಿ ಕ್ಷಮೆ ಕೇಳೋಣವೆಂದು, ಅದನ್ನು ಜೇಬಿನಲ್ಲಿಟ್ಟುಕೊಂಡು ಮಾಮೂಲಿ ಸೈಕಲ್ಲೇರಿ ಬಂಡಳ್ಳಿಗೆ ಹೋದೆ. ಮಗನನ್ನು ಕಳೆದುಕೊಂಡ ಅಜ್ಜಿಯೆಂದು ವಿಚಾರಿಸಿದ್ದಕ್ಕೆ ಮನೆ ತೋರಿಸಿದರು. ಜಗಲಿಯ ಮೇಲೆ ಮೊಮ್ಮಗಳ ತಲೆ ಬಾಚುತ್ತಿದ್ದಳು. ನನ್ನ ಮುಖ ನೋಡಿದಳು, ಬಾಚಣಿಗೆ ಕೆಳಗಿಟ್ಟಳು, ನನ್ನ ಕೈ ಹಿಡಿದು ಮುಟ್ಟಿ ನೋಡಿದಳು. ಅಂಜಲಿಲ್ಲ.

"ಏಳ್ದಾ?" ಎಂದಳು.

ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಕ್ಷಮಾಪಣೆಯೂ ಆ ಗಂಟಿನ ಜೊತೆ ಜೇಬಿನಲ್ಲೇ ಉಳಿಯಿತು.

"ಹೇಳ್ದೆ ಕಣಜ್ಜಿ," ಎಂದೆ. "ನಿಧಾನವಾಗಿ ಬಾ ಅಂದ."

ಅವಳು ತಲೆಯಾಡಿಸಿ ಮತ್ತೆ ಬಾಚಣಿಗೆ ತೆಗೆದುಕೊಂಡಳು.

ಕನ್ಯಾಕುಮಾರಿಗೆ ನಾನು ಹೋಗಲೇ ಇಲ್ಲ. ಹಾಸಿಗೆ, ಪಾತ್ರೆ, ಅಕ್ಕಿ ಎಲ್ಲವೂ ಸ್ವಸ್ಥಾನ ಸೇರಿದವು. ಹುರಿಗಡಲೆಯ ಗಂಟೊಂದು ಹೊರಗುಳಿದಿದೆ. ಹೆಂಡತಿಗೆ ಹೇಳಿಟ್ಟಿದ್ದೇನೆ: ನನ್ನನ್ನು ನಿಜವಾಗಿಯೂ ಕೂರಿಸಿ ಒಯ್ಯುವ ದಿನ ಅದನ್ನು ನನ್ನ ತೊಡೆಯ ಮೇಲಿಡಬೇಕು.