ತಾಯಿನುಂಗಿ

ಹೂವಿಗೆ ಇಡುವ ಹೆಸರೇ ಅದು? ಮೇ ತಿಂಗಳು ಬಂತೆಂದರೆ ಹೆರೆಫರ್ಡ್ ಸೀಮೆಯ ಬೇಲಿಸಾಲಿನುದ್ದಕ್ಕೂ ಹಾಲು ಉಕ್ಕಿದ ಹಾಗೆ ಬೆಳ್ಳಗೆ ಅರಳುತ್ತದೆ. ಎಲೆ ಕೊತ್ತಂಬರಿಯಂತೆ, ಬೇರು ಮೂಲಂಗಿಯಂತೆ. ಊರವರು ಅದನ್ನು ಕರೆಯುವುದು ತಾಯಿನುಂಗಿ ಎಂದು. ಮಕ್ಕಳು ಮನೆಯೊಳಗೆ ತಂದರೆ ತಾಯಿ ಸಾಯುತ್ತಾಳಂತೆ.

ಹೆಸ್ಟರ್ ತಂದಿದ್ದಳು. ಎಂಟು ವರ್ಷದವಳಿದ್ದಾಗ, ಕೆಮ್ಮಿ ಮಲಗಿದ್ದ ಅಮ್ಮನಿಗೆಂದು ಒಂದು ಹಿಡಿ. ಆ ವಾರವೇ ಅಮ್ಮ ತೀರಿಕೊಂಡಳು. ಚಳಿಗಾಲದಿಂದಲೇ ಎದೆರೋಗ ಹಿಡಿದಿದ್ದು ಊರಿಗೆಲ್ಲ ಗೊತ್ತು. ಆದರೂ ಅಪ್ಪನ ತಂಗಿ ಎನಿಡ್ ಅತ್ತೆ, “ತಂದ್ಯಲ್ಲೇ ಮನೆಹಾಳಿ, ನಿಮ್ಮಮ್ಮನ್ನ ನುಂಗ್ಕೊಂಡ್ಯಲ್ಲೇ!” ಎಂದುಬಿಟ್ಟಳು.

ಅಂದಿನಿಂದ ಹೆಸ್ಟರ್ ವರ್ಷವರ್ಷವೂ ಹಿತ್ತಲ ಬೇಲಿಬುಡವನ್ನು ಕುಡುಗೋಲಿನಿಂದ ಸವರುತ್ತಾಳೆ. ಅದು ಮತ್ತೆ ಚಿಗುರುತ್ತದೆ. ಬೇಲಿ ಕಟ್ಟುವ ಕೆಲಸದ ಗಂಡ ಗ್ವಿಲಿಮ್ ನಗುತ್ತಾನೆ: “ಬೇರಿರೋವರೆಗೂ ಅದು ನಿಮ್ಮಪ್ಪನ ಮಾತೂ ಕೇಳಲ್ಲ ಕಣೇ. ಕಾಂಡ ನೋಡು, ಹಸಿರು, ಸಣ್ಣ ರೋಮ, ಉದ್ದಕ್ಕೂ ಗೀರು. ಪಾಪದ್ದು. ವಿಷ ಇರೋದು ಇದರ ದಾಯಾದಿಗೆ, ನುಣ್ಣಗಿರತ್ತೆ, ಮೈಮೇಲೆ ನೇರಳೆ ಮಚ್ಚೆ. ಮಕ್ಕಳು ಎರಡನ್ನೂ ಮುಟ್ಟದಿರ್ಲಿ ಅಂತ ಯಾವಳೋ ಅಜ್ಜಿ ಹೆದರಿಸಿಟ್ಟಿದ್ದು.”

ಗೊತ್ತಿದ್ದು ಏನು ಬಂತು? ಕೈ ಕುಡುಗೋಲಿಗೇ ಹೋಗುತ್ತಿತ್ತು.

ಈ ಮೇ ತಿಂಗಳು ಅದೂ ಆಗಲಿಲ್ಲ. ಊರವರ ಹಾಸಿಗೆಬಟ್ಟೆ ಒಗೆದೂ ಒಗೆದೂ ಸೊಂಟ ಬಿದ್ದುಹೋಗಿ, ಜ್ವರ ಬಂದು ಹೆಸ್ಟರ್ ಮಲಗಿದ್ದಳು. ಹೀಗೇ ಕಣ್ಣು ಮುಚ್ಚಿಬಿಟ್ಟರೆ ಸಾಕಪ್ಪಾ ಎನ್ನಿಸುತ್ತಿತ್ತು.

ಮಗಳು ಡಿಲಿಸ್ ಬಾಗಿಲಲ್ಲಿ ಬಂದು ನಿಂತಳು. ಕೈತುಂಬ ಬಿಳಿ ಹೂವು.

ಒಲೆಯ ಬಳಿ ಕೂತಿದ್ದ ಎನಿಡ್ ಚೀರಿದಳು: “ಅಯ್ಯೋ, ಎಸಿಯೇ ಆಚೆಗೆ! ನೀನೂ ನಿಮ್ಮಮ್ಮನ್ನ ನುಂಗ್ತೀಯೇನೇ?”

ಹುಡುಗಿಯ ಮುಖ ಬಿಳಿಚಿಕೊಂಡಿತು. ಆ ಮುಖ ಹೆಸ್ಟರಳಿಗೆ ಗೊತ್ತಿತ್ತು. ಮೂವತ್ತು ವರ್ಷ ಅದನ್ನು ಹೊತ್ತವಳು ಅವಳೇ.

“ಬಾಯಿ ಮುಚ್ಚು ಅತ್ತೆ,” ಎಂದಳು. ಹಾಗೆ ಅಂದದ್ದು ಜನ್ಮದಲ್ಲಿ ಅದೇ ಮೊದಲು. “ಡಿಲಿ, ಬಾ ಇಲ್ಲಿ ಮರಿ.”

ಬೆರಳನ್ನು ಕಾಂಡದ ಮೇಲೆ ಆಡಿಸಿದಳು. ಹಸಿರು, ರೋಮ, ಗೀರು. ಮಚ್ಚೆಯಿಲ್ಲ. “ಇದು ಒಳ್ಳೇದು. ಮಚ್ಚೆ ಇದ್ರೆ ಮಾತ್ರ ಮುಟ್ಬೇಡ. ಹೋಗು, ಹಾಲಿನ ಜಗ್ಗಿಗೆ ನೀರು ಹಾಕಿ ನನ್ ತಲೆ ಹತ್ರ ಇಡು.”

“ನೀನು ಸಾಯಲ್ವಾ ಅಮ್ಮಾ?”

“ಹೂವು ಯಾರನ್ನಾದ್ರೂ ಸಾಯಿಸತ್ತಾ, ಹುಚ್ಚೀ.”

ಮಾರನೆಯ ಬೆಳಗ್ಗೆಯೂ ಜ್ವರ ಇಳಿದಿರಲಿಲ್ಲ. ಹೆಸ್ಟರ್ ಕಣ್ಣು ಬಿಟ್ಟಾಗ ಡಿಲಿಸ್ ಬಾಗಿಲ ಸಂದಿಯಲ್ಲಿ ನಿಂತು, ಅಮ್ಮನ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದಳು. ತಾನು ಸತ್ತರೆ ಹೂವಿನ ತಪ್ಪು ಇವಳ ತಲೆಗೇ, ಎಂದುಕೊಂಡಳು ಹೆಸ್ಟರ್. ದೇವರೇ, ಇನ್ನು ಈ ವಾರ ಸಾಯುವ ಹಾಗೂ ಇಲ್ಲ!

ಗೋಡೆ ಹಿಡಿದು ಎದ್ದಳು. “ಏನೇ ಹಾಗೆ ನೋಡ್ತೀಯಾ? ಬಾ, ಚಹಾ ಕಾಸೋಣ,” ಎಂದಳು.