ಕೊರವ ಹಿಡಿಯುವ ದಾರ

ಶ್ರೀರಾಂಪುರದ ಕೆಂಪಯ್ಯನಿಗೆ ಚಾಮುಂಡಮ್ಮ ಒಬ್ಬಳೇ ಮಗಳು. ಹೊಲದ ಕೆಲಸ ಮುಗಿಸಿ ಅವನು ಗಾಳದ ಬಿದಿರುಕೋಲು ಹೆಗಲಿಗಿಟ್ಟು ಲಿಂಗಾಂಬುಧಿ ಕೆರೆಗೆ ಹೊರಟರೆ ಅವಳೂ ಹಿಂದೆಯೇ ಓಡುತ್ತಿದ್ದಳು. ಹದಿನಾರು ತುಂಬುವ ಹೊತ್ತಿಗೆ ಊರಿನ ಗಂಡಸರಿಗೆ ಸಮನಾಗಿ ಗಾಳ ಎಸೆಯುವುದನ್ನು ಕಲಿತಿದ್ದಳು.

೧೯೪೮ರಲ್ಲಿ ಅವಳನ್ನು ಬನ್ನಿಮಂಟಪದ ಚೆಲುವರಾಜುವಿಗೆ ಕೊಟ್ಟರು. ಬಟ್ಟೆ ಗಿರಣಿಯಲ್ಲಿ ಫಿಟ್ಟರ್. ಒಳ್ಳೆಯವನು, ಮಾತು ಕಡಿಮೆ. ಮನೆಯ ಯಜಮಾನಿಕೆಯೆಲ್ಲ ಅತ್ತೆ ದೇವಿರಮ್ಮನದು.

"ಅಪ್ಪನ ಜೊತೆ ಒಂದ್ಸಲ ಕೆರೆಗೆ ಹೋಗಿ ಬರ್ಲಾ ಅತ್ತೆ?" ಎಂದು ಸೊಸೆ ಕೇಳಿದಾಗ ದೇವಿರಮ್ಮ ಹುಬ್ಬು ಗಂಟಿಕ್ಕಿದಳು.

"ನಾಕು ಜನ ನೋಡೋ ಹಂಗೆ ಗಾಳ ಹಿಡ್ಕಂಡು ಕೂತ್ಕತೀಯಾ? ಅದನ್ನೆಲ್ಲ ನಿಮ್ಮಪ್ಪನ ಮನೇಲೇ ಬುಟ್ಬುಡು."

ಕೆಂಪಯ್ಯ ಆಗಾಗ ಮಗಳನ್ನು ನೋಡಲು ಬರುತ್ತಿದ್ದ, ಎಲೆಯಲ್ಲಿ ಸುತ್ತಿದ ಕೊರವ ಮೀನು ಹಿಡಿದು. ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದಿನ ಬಾ ಮಗ, ಕೆರೆ ತುಂಬೈತೆ" ಅನ್ನುವನು. "ಬರ್ತೀನಪ್ಪ" ಅನ್ನುವಳು. ಹೋಗಲಾಗಲಿಲ್ಲ. ೧೯೫೪ರ ಬೇಸಿಗೆಯಲ್ಲಿ ಅವನು ತೀರಿಕೊಂಡ. ತಿಥಿ ಮುಗಿದ ಮೇಲೆ ಕೆರೆಯ ಏರಿಯವರೆಗೂ ನಡೆದವಳು ನೀರಿನ ಕಡೆ ನೋಡಲಾರದೆ ಹಿಂತಿರುಗಿದಳು. ಆಮೇಲೆ ಎಷ್ಟೋ ವರ್ಷ ಬಾವಿಯಿಂದ ನೀರು ಸೇದುವಾಗಲೆಲ್ಲ, ಹಗ್ಗ ಜಗ್ಗಿದರೆ ಮೀನು ಬಿತ್ತೇನೋ ಎಂದು ಅಂಗೈ ಒಂದು ಕ್ಷಣ ಮೋಸಹೋಗುತ್ತಿತ್ತು.

೧೯೬೧ರಲ್ಲಿ ದೇವಿರಮ್ಮನಿಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟು ತಿಂಗಳಾದರೂ ಗಂಜಿ ಗಂಟಲಲ್ಲಿ ಇಳಿಯದು. ಒಂದು ಬೆಳಿಗ್ಗೆ ಗೋಡೆಯ ಕಡೆ ಮುಖ ಮಾಡಿಕೊಂಡೇ, "ನಿಮ್ಮಪ್ಪ ತರ್ತಿದ್ನಲ್ಲ, ಆ ಕೊರವ... ಅದರ ಸಾರಿದ್ರೆ ಎರಡು ತುತ್ತು ಉಣ್ಬೋದಿತ್ತು ಕಣವ್ವ" ಎಂದಳು.

ಚೆಲುವರಾಜು ಎರಡು ದಿನ ಮಾರ್ಕೆಟ್ಟು ಸುತ್ತಿ ಬರಿಗೈಯಲ್ಲಿ ಬಂದ. ಮೂರನೆಯ ದಿನ ಚಾಮುಂಡಮ್ಮ ಅತ್ತೆಯ ಹಾಸಿಗೆಯ ಪಕ್ಕ ಕೂತು, "ನಾನೇ ಹಿಡ್ಕಂಡು ಬರ್ಲಾ?" ಎಂದಳು. ದೇವಿರಮ್ಮ ಹ್ಞೂಂ ಎಂದು ತಲೆಯಾಡಿಸಿದಳು.

ಹಗ್ಗ, ಬಲೆ ಮಾರುವ ರಾಮಸ್ವಾಮಿಯ ಅಂಗಡಿಯಲ್ಲಿ ಮೂರು ಬಗೆಯ ದಾರವಿತ್ತು. ಹತ್ತಿಯದು, ರೇಷ್ಮೆಯದು, ಇನ್ನೊಂದು ಗಾಜಿನ ಎಳೆಯಂತೆ ಹೊಳೆಯುವಂಥದ್ದು.

"ನೈಲಾನು ಕಣಮ್ಮ, ಹೊಸದಾಗಿ ಬಂದೈತೆ. ನಿಮ್ಮ ಯಜಮಾನ್ರಿಗೆ ಇದನ್ನೇ ತಗೊಂಡೋಗಿ."

"ನಂಗೇ ಬೇಕು. ಒಂದ್ಚೂರು ನೀರು ಕೊಡಿ ಅಣ್ಣ."

ಮೂರರಲ್ಲೂ ಒಂದೊಂದು ತುಂಡು ನೆನೆಸಿ, ಗಂಟು ಹಾಕಿ ಎಳೆದಳು. ರೇಷ್ಮೆ ಗಂಟಿನ ಹತ್ತಿರವೇ ಕಡಿಯಿತು. ಹತ್ತಿ ತಡೆಯಿತು, ಆದರೆ ನೀರು ಕುಡಿದು ದಪ್ಪಗಾಯಿತು. ನೈಲಾನಿನ ಗಂಟು ಜಾರಿ ಬಿಚ್ಚಿಕೊಂಡಿತು. ಇನ್ನೆರಡು ಸುತ್ತು ಕೂಡಿಸಿ, ನಾಲಿಗೆಯಲ್ಲಿ ಒದ್ದೆ ಮಾಡಿ ಬಿಗಿದು ಮತ್ತೆ ಎಳೆದಳು. ಬೆರಳು ಕೆಂಪಾಯಿತು, ದಾರ ಕಡಿಯಲಿಲ್ಲ. ಕೊರವ ಜೊಂಡಿನೊಳಗೆ ನುಗ್ಗುವ ಮೀನು. ಅದಕ್ಕೆಂದು ನೈಲಾನಿನಲ್ಲೇ ಸ್ವಲ್ಪ ದಪ್ಪನೆಯದನ್ನು ಆರಿಸಿ, ಎಲ್ಲಾದರೂ ತರಚಿದೆಯೇ ಎಂದು ಉಗುರಿನ ಮೇಲೆ ಮೊಳಮೊಳವಾಗಿ ಹರಿಸಿ ನೋಡಿದಳು.

"ಯಾರು ಕಲಿಸಿದ್ರಮ್ಮ ಇದನ್ನೆಲ್ಲ?"

"ನಮ್ಮಪ್ಪ."

ಕಾಸು ಎಣಿಸಿಕೊಟ್ಟು ದಾರವನ್ನೂ ಒಂದು ಗಾಳವನ್ನೂ ಸೆರಗಿನಲ್ಲಿ ಕಟ್ಟಿಕೊಂಡಳು. ಅಪ್ಪ ಜೀವಮಾನವೆಲ್ಲ ಹತ್ತಿ ದಾರಕ್ಕೆ ಮೇಣ ತಿಕ್ಕುತ್ತಾ ಕೂತವನು. ದಾರ ಕಡಿದುಕೊಂಡು ಹೋದ ಮೀನುಗಳನ್ನು ಹೆಸರಿಟ್ಟು ನೆನೆಯುತ್ತಿದ್ದವನು. ನೀರಿನಲ್ಲಿ ಕಾಣದ ಈ ದಾರ ಅವನ ಕೈಗೆ ಬರಲೇ ಇಲ್ಲ.

ಮರುದಿನ ಚೆಲುವರಾಜು ಅವಳನ್ನು ಸೈಕಲ್ಲಿನಲ್ಲಿ ಕೆರೆಗೆ ಬಿಟ್ಟು ಗಿರಣಿಗೆ ಹೋದ. ಗಾಳಕ್ಕೆ ಕಪ್ಪೆಮರಿ ಸಿಕ್ಕಿಸಿ ಜೊಂಡಿನ ಅಂಚಿಗೆ ಎಸೆದು ಕೂತಳು. ಬಿಸಿಲೇರಿದ ಮೇಲೆ ದಾರ ಸರ್ರನೆ ಬಿಗಿಯಿತು. ಬಿದಿರು ಬಿಲ್ಲಾಯಿತು. ಮೀನು ಜೊಂಡಿಗೆ ಎರಡು ಸಲ ನುಗ್ಗಿತು. ಎರಡು ಸಲವೂ ಬಿಡದೆ ಎಳೆದುತಂದಳು. ದಡದ ಮೇಲೆ ಮೊಳದುದ್ದದ ಕೊರವ ಹೊರಳಾಡುವಾಗ ಪಕ್ಕಕ್ಕೆ ತಿರುಗಿ, "ಅಪ್ಪಾ, ನೋಡು" ಎಂದುಬಿಟ್ಟಳು. ಗಾಳಿಗೆ ಹುಲ್ಲು ಆಡುತ್ತಿತ್ತು. ಆಗ ಅಳು ಬಂತು, ಏಳು ವರ್ಷ ತಡೆದಿದ್ದದ್ದು.

ಆ ರಾತ್ರಿ ದೇವಿರಮ್ಮ ಅರ್ಧ ಮುದ್ದೆ ಉಂಡಳು. ಸೊಸೆ ಕೈತೊಳೆಸುವಾಗ ಅವಳ ಮಣಿಕಟ್ಟು ಹಿಡಿದುಕೊಂಡು, "ನಿಮ್ಮಪ್ಪ ಕರ್ದಾಗ ನಿನ್ನ ಕಳಿಸ್ಬೇಕಾಗಿತ್ತು ಕಣವ್ವ" ಎಂದಳು. ಚಾಮುಂಡಮ್ಮ ಸೆರಗಿನಿಂದ ಅತ್ತೆಯ ಕೈ ಒರೆಸಿದಳು.

ಅತ್ತೆ ಎದ್ದು ಓಡಾಡುವಂತಾದಳು. ಚಾಮುಂಡಮ್ಮ ತಿಂಗಳಿಗೊಂದು ಭಾನುವಾರ ಕೆರೆಗೆ ಹೋಗತೊಡಗಿದಳು. ಮೀನು ಬೀಳದ ದಿನವೂ ಹೊತ್ತು ಮುಳುಗುವ ತನಕ ಏಳುತ್ತಿರಲಿಲ್ಲ. ಯಾಕಿಷ್ಟು ತಡ ಎಂದು ಗಂಡ ಕೇಳಿದರೆ, "ಇನ್ನೊಸಿ ಹೊತ್ತು ಇರವಾ ಅನ್ನಿಸ್ತು" ಅನ್ನುತ್ತಿದ್ದಳು.